ತಿರುಳ್ಗನ್ನಡದ ನಾಲ್ಕೂರುಗಳೂ ನಕ್ಷೆಯ ನಡುಬಿಂದುವೂ

ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯನ್ನು ಎರಡು ಬಗೆಯಾಗಿ ಹೇಳುತ್ತದೆ. ಮೊದಲನೆಯದು ಕಾವೇರಿಯಿಂದ ಗೋದಾವರಿಯವರೆಗಿನ ವಿಶಾಲವಾದ ನಾಡು. ಎರಡನೆಯದು ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ತಿರುಳ್ಗನ್ನಡದ ಸೀಮೆ. ೧೮೯೮ರಲ್ಲಿ ಕೆ. ಬಿ. ಪಾಠಕರು ಈ ಗ್ರಂಥವನ್ನು ಅಚ್ಚು ಮಾಡಿಸಿದ ಮೇಲೆ ಈ ಮಾತುಗಳನ್ನು ಉದ್ಧರಿಸದ ಸಾಹಿತ್ಯಚರಿತ್ರೆ ಅಪೂರ್ವ. ಈಗ ಅವನ್ನು ಗಣಕಯಂತ್ರದ ನಕ್ಷೆಯಲ್ಲಿ ಬರೆಯುವುದು ಸುಲಭವಾಗಿದೆ. ಸುಲಭವಾದುದರಿಂದಲೇ ಕವಿಯು ಆಡದ ಮಾತನ್ನು ಅವನಿಂದ ಆಡಿಸುವುದೂ ಸುಲಭವಾಗಿದೆ.

ಈ ಊರುಗಳನ್ನು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳೆಂದು ವಿದ್ವಾಂಸರು ಗುರುತಿಸಿರುವರು. ಗ್ರಂಥದ ಅನುಕ್ರಮವನ್ನೇ ಹಿಡಿದು ಗೆರೆಯೆಳೆದರೆ ಅದು ಬಡಗಲಿಂದ ಮೂಡಲಿಗೆ, ಮೂಡಲಿಂದ ತೆಂಕಲಿಗೆ, ತೆಂಕಲಿಂದ ಪಡುವಲಿಗೆ ಪ್ರದಕ್ಷಿಣವಾಗಿ ಸುತ್ತಿ ಚತುರ್ಭುಜವಾಗಿ ಮುಗಿಯುತ್ತದೆ. ಇದು ಕಂದದ ಕಟ್ಟಿಗೆ ಒದಗಿದ ಆಕಸ್ಮಿಕವೋ, ನಾಡನ್ನು ತಿರುಗಿ ಬಲ್ಲವನ ಎಣಿಕೆಯೋ ಹೇಳುವುದು ಕಷ್ಟ. ಆದರೆ ಇಂದಿನ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಯಂತ್ರಕ್ಕೆ ಕೊಟ್ಟರೆ ಫಲ ಬೇರೆ: ಒಕ್ಕುಂದದಿಂದ ಕೊಪ್ಪಳಕ್ಕೆ, ಅಲ್ಲಿಂದ ಪಟ್ಟದಕಲ್ಲಿಗೆ, ಮತ್ತೆ ಲಕ್ಷ್ಮೇಶ್ವರಕ್ಕೆ ಹೋಗುವ ಗೆರೆಗಳು ಒಂದನ್ನೊಂದು ಕತ್ತರಿಸಿ ಆಕೃತಿಯು ಡಮರುಗದಂತಾಗುತ್ತದೆ. ಅದರ ಎರಡು ಪಾಲುಗಳ ಕ್ಷೇತ್ರಫಲಗಳು ಧನ ಋಣಗಳಾಗಿ ಬಹುಮಟ್ಟಿಗೆ ಒಂದನ್ನೊಂದು ಅಳಿಸುವುದರಿಂದ, ಲೆಕ್ಕಕ್ಕೆ ಬರುವ ಗುರುತ್ವಕೇಂದ್ರವು ನಾಲ್ಕೂರುಗಳ ಹೊರಗೆ ಬಹುದೂರ ಬೀಳಬಹುದು. ಪಾಠಕ್ರಮವನ್ನು ಕೆಡಿಸಿದ ಲಿಪಿಕಾರನ ತಪ್ಪಿಗೂ ಇದಕ್ಕೂ ಭೇದವೇನು?

ಕ್ರಮವು ಸರಿಯಾಗಿದ್ದರೆ ಗುರುತ್ವಕೇಂದ್ರವು ಗದಗಕ್ಕೂ ರೋಣಕ್ಕೂ ನಡುವೆ, ಹಳೆಯ ಬೆಳ್ವೊಲದ ಎರೆಭೂಮಿಯಲ್ಲಿ ನಿಲ್ಲುತ್ತದೆ. ಮುಖ್ಯವಾದ ಪ್ರಲೋಭನೆಯು ಎದುರಾಗುವುದು ಇಲ್ಲಿಯೇ. ಬಿಂದುವಿನ ಬಳಿ ಓದುಗರು ಬಲ್ಲ ಊರಿಲ್ಲ. ತುಸು ತೆಂಕಲಿಗೆ ಸರಿಸಿದರೆ ಗದಗು ಸಿಕ್ಕುತ್ತದೆ, ಕುಮಾರವ್ಯಾಸನ ನೆನಪೂ ಕೂಡಿಬರುತ್ತದೆ. ಹೆಸರನ್ನು ಅಚ್ಚುಕಟ್ಟಾಗಿ ಕೂರಿಸಲೆಂದು ಸರಿಸಿದ ಬಿಂದುವು ತಿರುಳ್ಗನ್ನಡದ ಹೃದಯವೆಂದು ತರಗತಿಗಳಲ್ಲಿ ಹೇಳಲ್ಪಡುವುದಕ್ಕೆ ಹೆಚ್ಚು ಕಾಲ ಹಿಡಿಯದು. ಒಂಬತ್ತನೆಯ ಶತಮಾನದ ಗ್ರಂಥಕ್ಕೆ ಶತಮಾನಗಳ ಅನಂತರದ ಕವಿಯೊಬ್ಬನ ಕೀರ್ತಿಯು ಸಾಕ್ಷಿಯಾಗಲಾರದು. ಕವಿರಾಜಮಾರ್ಗಕಾರನು ನಡುವಣ ನಾಡನ್ನೇ ತಿರುಳೆಂದನಲ್ಲದೆ ನಡುವಣ ಊರೊಂದನ್ನು ಹೆಸರಿಸಲಿಲ್ಲ. ಹಣ್ಣಿನ ತಿರುಳು ಹಣ್ಣಿನೊಳಗೆಲ್ಲ ಇರುತ್ತದೆ. ಅದಕ್ಕೆ ಒಂದು ಚುಕ್ಕೆಯನ್ನು ಹುಡುಕುವುದು ಬೀಜವನ್ನು ಹುಡುಕಿದಂತೆ.

ಬಿಂದುವನ್ನು ಸರಿಸುವುದೇ ಅಪರಾಧವೆಂದಲ್ಲ. ಬಾಲಚಂದ್ರಾಕೃತಿಯ ಸೀಮೆಯ ಗುರುತ್ವಕೇಂದ್ರವು ಸೀಮೆಯ ಹೊರಗೇ ಬೀಳಬಹುದು. ಆಗ ಹೆಸರನ್ನು ಒಳಗೆ ತರಲೇಬೇಕು. ಕ್ಯೂಜಿಐಎಸ್ ಮೊದಲಾದ ತಂತ್ರಾಂಶಗಳಲ್ಲಿ ಸೀಮೆಯೊಳಗೇ ಬಿಂದುವನ್ನಿಡುವ ಉಪಕರಣವೂ, ಎಲ್ಲ ಅಂಚುಗಳಿಂದ ಅತಿ ದೂರವಾದ ಒಳಬಿಂದುವನ್ನು ಹುಡುಕುವ ಉಪಕರಣವೂ ಇವೆ. ಅಕ್ಷರಗಳನ್ನು ಕೈಯಿಂದಲೇ ಸರಿಸಿದರೂ ಬಾಧಕವಿಲ್ಲ. ಬಾಧಕವು ಹುಟ್ಟುವುದು, ಸರಿಸಿದ ಬಿಂದುವೇ ಗುರುತ್ವಕೇಂದ್ರವೆಂಬ ಹೆಸರಿನಲ್ಲಿ ಉಳಿದು, ಶಾಸನಗಳ ದೂರವನ್ನೋ ಉಪಭಾಷೆಗಳ ವ್ಯಾಪ್ತಿಯನ್ನೋ ಅದರಿಂದ ಅಳೆಯತೊಡಗಿದಾಗ.

ಇನ್ನು ಕಾವೇರಿ ಗೋದಾವರಿಗಳ ನಡುವಣ ಮಹಾನಾಡಿಗೆ ಗುರುತ್ವಕೇಂದ್ರವನ್ನು ಕೊಡುವ ಸಾಹಸವಂತೂ ನಿಲ್ಲತಕ್ಕದ್ದಲ್ಲ. ಅಲ್ಲಿ ತೆಂಕಲಿಗೂ ಬಡಗಲಿಗೂ ನದಿಗಳಿವೆ. ಮೂಡಲ ಪಡುವಲ ಮೇರೆಗಳನ್ನು ನಕ್ಷೆಗಾರನೇ ಊಹಿಸಿ ಎಳೆಯಬೇಕು. ಎಳೆದವನು ಬೇರೆಯಾದರೆ ಕೇಂದ್ರವೂ ಬೇರೆ. ನಾಲ್ಕೂರುಗಳ ವಿಷಯದಲ್ಲಿಯೂ ಒಂದು ಶಂಕೆ ಉಳಿದೇ ಇದೆ: ಪುಲಿಗೆರೆ ಎಂದರೆ ಊರು ಮಾತ್ರವೇ, ಶಾಸನಗಳು ಹೇಳುವ ಪುಲಿಗೆರೆ ಮುನ್ನೂರೂ ಅದರಲ್ಲಿ ಸೇರುವುದೇ? ಸೇರುವುದಾದರೆ ಚತುರ್ಭುಜದ ಮೂಲೆಯೇ ಒಂದು ಸೀಮೆಯಾಗಿ ಹಬ್ಬಿ ಕೇಂದ್ರವು ಕದಲುತ್ತದೆ. ಆದುದರಿಂದ ಇಂತಹ ನಕ್ಷೆಯನ್ನು ಪ್ರಕಟಿಸುವವರು ಲೆಕ್ಕದ ಬಿಂದುವನ್ನೂ ಹೆಸರಿನ ಬಿಂದುವನ್ನೂ ಬೇರೆ ಬೇರೆ ಅಂಕಣಗಳಲ್ಲಿಟ್ಟು, ಸರಿಸಿದ ದೂರವನ್ನೂ ಕಾರಣವನ್ನೂ ನಕ್ಷೆಯ ಕೆಳಗೆ ಬರೆಯುವುದು ಯುಕ್ತ. ಗ್ರಂಥಸಂಪಾದಕರು ಪಾಠಾಂತರಗಳನ್ನು ಪುಟದ ಕೆಳಗೆ ಕೊಡುವುದು ಈ ರೀತಿಯಲ್ಲಿಯೇ.