ಪಾತ್ರಧಾರಣೆಯ ಆಟಗಳಲ್ಲಿ ಔಚಿತ್ಯವಿಚಾರ

ಅಶ್ಲೀಲವೆಂಬ ಕಾವ್ಯದೋಷವನ್ನು ಸಂಸ್ಕೃತದ ಆಲಂಕಾರಿಕರು ವ್ರೀಡೆ, ಜುಗುಪ್ಸೆ, ಅಮಂಗಳ ಎಂದು ಮೂರು ಬಗೆಯಾಗಿ ವಿಂಗಡಿಸಿರುವರು. ಮೂರೂ ಕೇಳುವವನ ಮನಸ್ಸಿನಲ್ಲಿ ಹುಟ್ಟತಕ್ಕ ವಿಕಾರಗಳು. ಆದರೆ ಹೇಳುವವರೇ ಕೇಳುವವರೂ ಆಗಿರುವ ಕಲೆಯೊಂದಿದ್ದರೆ, ಅಲ್ಲಿ ದೋಷನಿರ್ಣಯ ಯಾರದು?

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿ, 1974ರಲ್ಲಿ ಅಮೆರಿಕಾದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತಹುದು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುವರು. ಒಬ್ಬನು ಸೂತ್ರಧಾರನಾಗಿ ಒಂದು ಅದ್ಭುತಲೋಕವನ್ನು ವರ್ಣಿಸುವನು. ಮಿಕ್ಕವರು ಯೋಧನಾಗಿಯೋ ಮಾಂತ್ರಿಕನಾಗಿಯೋ ಉತ್ತರ ಕೊಡುವರು. ಜಯಾಪಜಯಗಳನ್ನು ದಾಳ ತೀರ್ಮಾನಿಸುವುದು. ನಿಯಮಗಳಿಗೆ ಗ್ರಂಥವುಂಟು, ಕಥೆಗಿಲ್ಲ.

ಮೊದಲ ಆಕ್ಷೇಪಣೆ ಹೊರಗಿನಿಂದ ಬಂದಿತು. ಗ್ರಂಥದಲ್ಲಿನ ಪಿಶಾಚಿಗಳು ಮಕ್ಕಳನ್ನು ಕೆಡಿಸುವುವೆಂದು 1980ರ ದಶಕದಲ್ಲಿ ಅಲ್ಲಿನ ಅನೇಕ ಕ್ರೈಸ್ತ ಕುಟುಂಬಗಳು ಭಯಪಟ್ಟುವು. 1982ರಲ್ಲಿ ಮಗನನ್ನು ಕಳೆದುಕೊಂಡ ಪೆಟ್ರೀಷಿಯಾ ಪುಲ್ಲಿಂಗ್ ಎಂಬಾಕೆ ಆಟವೇ ಅದಕ್ಕೆ ಕಾರಣವೆಂದು ನಂಬಿ, ಅದರ ವಿರುದ್ಧ ಒಂದು ಸಂಘವನ್ನೇ ಕಟ್ಟಿದಳು. ಆ ತಾಯಿಯ ದುಃಖ ಗೌರವಾರ್ಹವಾದುದು. ಆದರೆ ಆಕೆಯ ಆರೋಪ ಸ್ಥಾಪಿತವಾಗಲಿಲ್ಲ. ಆದರೂ 1989ರ ಎರಡನೆಯ ಆವೃತ್ತಿಯಲ್ಲಿ ಪ್ರಕಾಶಕರು ‘ಡೆಮನ್’, ‘ಡೆವಿಲ್’ ಎಂಬ ಹೆಸರುಗಳನ್ನು ತೆಗೆದು, ಮುಂದೆ ‘ತನಾರಿ’, ‘ಬಾಟೆಜು’ ಎಂದು ಹಾಕಿದರು. ಕೊಂಬು ಉಗುರುಗಳು ಇದ್ದಂತೆಯೇ ಇದ್ದುವು! 2000ದ ಆವೃತ್ತಿಯಲ್ಲಿ ಹಳೆಯ ಹೆಸರುಗಳೂ ಮರಳಿದುವು.

ಇದಕ್ಕೆ ಮೊದಲೇ, 1980ರಲ್ಲಿ, ಆ ಪ್ರಕಾಶಕರಿಂದ ದೇವತೆಗಳ ಗ್ರಂಥವೊಂದು ಹೊರಬಂದಿತ್ತು. ಅದರಲ್ಲಿ ಗ್ರೀಕ್ ದೇವತೆಗಳೊಂದಿಗೆ ಇಂದ್ರ, ಅಗ್ನಿ, ವಿಷ್ಣು, ಕಾಳಿಯರನ್ನೂ ಸೇರಿಸಿ, ಯಾರು ಎಷ್ಟು ಪೆಟ್ಟು ತಾಳಬಲ್ಲರೆಂದು ಅಂಕಿಗಳನ್ನು ಕೊಟ್ಟಿದ್ದರು. ಪೂಜೆ ನಿಂತುಹೋದ ದೇವರನ್ನೂ ಇಂದಿಗೂ ದೀಪ ಹಚ್ಚಿಸಿಕೊಳ್ಳುವ ದೇವರನ್ನೂ ಒಂದೇ ತಕ್ಕಡಿಗೆ ಹಾಕಿದುದು ಕೆಲವರಿಗೆ ನಗೆ, ಕೆಲವರಿಗೆ ನೋವು. ಆದರೆ 1989ರ ಸಂಸ್ಕಾರ ದೊರೆತುದು ಪಿಶಾಚಿಗಳ ಹೆಸರಿಗೆ. ಕೊಳ್ಳುವವನ ನೆರೆಮನೆಯ ಕೂಗು ಪ್ರಕಾಶಕನ ಕಿವಿಗೆ ಬೇಗ ಮುಟ್ಟುವುದು.

ಎರಡನೆಯ ಆಕ್ಷೇಪಣೆ ಬೇರೆ ಜಾತಿಯದು. ‘ಆರ್ಕ್’ ಎಂಬ ರಾಕ್ಷಸರನ್ನೂ ‘ಡ್ರೌ’ ಎಂಬ ಕಪ್ಪುಮೈಯವರನ್ನೂ ಹುಟ್ಟಿನಿಂದಲೇ ದುಷ್ಟರೆಂದು ವರ್ಣಿಸಿದ ಮಾತುಗಳು ನಿಜವಾದ ಜನಾಂಗಗಳನ್ನು ಹಳಿಯುತ್ತಿದ್ದ ಮಾತುಗಳನ್ನು ಹೋಲುತ್ತಿದ್ದುವೆಂದು, ಆಟದ ಒಡೆತನ ಪಡೆದಿದ್ದ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಸಂಸ್ಥೆಯೇ 2020ರಲ್ಲಿ ಒಪ್ಪಿಕೊಂಡಿತು. ರೋಮಾ ಜನರನ್ನು ನೆನಪಿಗೆ ತರುವ ‘ವಿಸ್ತಾನಿ’ಗಳ ಚಿತ್ರವನ್ನೂ ತಿದ್ದಿತು. ಆದರೆ 2022ರಲ್ಲಿ ಅದೇ ಸಂಸ್ಥೆ, ಮಾಂತ್ರಿಕನ ದಾಸ್ಯದಿಂದ ಬಿಡುಗಡೆ ಹೊಂದಿದ ವಾನರರೂಪಿ ‘ಹಡೋಝೀ’ಗಳ ಕಥೆಯನ್ನು ಅಚ್ಚುಮಾಡಿತು! ಕಪ್ಪುಜನರನ್ನು ಕುರಿತ ಹಳೆಯ ಬೈಗುಳ ಅದರಲ್ಲಿ ಓದುಗರಿಗೆ ಕಂಡಿತು. ಸಂಸ್ಥೆ ಕ್ಷಮೆ ಬೇಡಿ ಆ ಭಾಗವನ್ನು ತೆಗೆಯಿತು.

ಇದನ್ನು ಕಲ್ಪಿಸಬಾರದೆಂಬುದು ಮೊದಲನೆಯವರ ವಾದ. ಇದು ಕಲ್ಪನೆಯಲ್ಲ, ನಮ್ಮದೇ ವಿಕೃತಚಿತ್ರವೆಂಬುದು ಎರಡನೆಯವರದು. ಮೊದಲನೆಯದು ಅಭಿಪ್ರಾಯ, ಎರಡನೆಯದು ಸಾಕ್ಷ್ಯ. ಒಂದೇ ಜನಾಂಗದವರಲ್ಲಿಯೂ ಒಮ್ಮತವಿರಲಾರದಾದುದರಿಂದ ಸಾಕ್ಷ್ಯವೇ ತೀರ್ಪಾಗದು. ಆದರೆ ಅದನ್ನು ಕೇಳದೆ ಕೊಟ್ಟ ತೀರ್ಪು ಊರ್ಜಿತವಲ್ಲ.

ಮೇಜಿನ ಬಳಿ ಉಪಾಯ ಸರಳ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ಪದ್ಧತಿಯಲ್ಲಿ, ಕತ್ತರಿಗುರುತಿನ ಚೀಟಿಯೊಂದನ್ನು ನಡುವೆ ಇಡುವರು. ಯಾರಾದರೂ ಅದನ್ನು ಮುಟ್ಟಿದರೆ ಆ ಪ್ರಸಂಗವನ್ನು ಬಿಡತಕ್ಕದ್ದು, ಕಾರಣ ಹೇಳಬೇಕಾಗಿಲ್ಲ. ಇದರಿಂದ ಭಯಾನಕರಸ ಕೆಡುವುದೆಂದು ದೂರುವವರುಂಟು. ಆದರೆ ಹೊಸದಾಗಿ ಮಗುವನ್ನು ಕಳೆದುಕೊಂಡವನೊಬ್ಬನು ಎದುರಿಗೆ ಕುಳಿತಿರುವುದು ಸೂತ್ರಧಾರನಿಗೆ ತಿಳಿಯುವುದೆಂತು? ಪಕ್ಕದ ಮೇಜಿನವರು ಅದೇ ಪ್ರಸಂಗವನ್ನು ನಿರಾತಂಕವಾಗಿ ಆಡಿಕೊಳ್ಳಲಿ. ಅಚ್ಚಾದ ಪುಟಕ್ಕೆ ಮಾತ್ರ ಈ ಅನುಕೂಲವಿಲ್ಲ. ಅದಕ್ಕೆ ಎದುರಿನವರ ಮುಖ ಕಾಣದು. ಆದುದರಿಂದ ಯಾರ ಹೋಲಿಕೆಯನ್ನು ಎರವಲು ತರುವರೋ ಅವರನ್ನು ಅಚ್ಚಿಗೆ ಮೊದಲೇ ಕೇಳುವ ಹೊಣೆ ಪ್ರಕಾಶಕನದು.