ನಮ್ಮ ಟೆರೇಸಿನ ನೀರು ಯಾರ ಫೈಲಿನಲ್ಲಿದೆ?

ಹೋದ ತಿಂಗಳು ಯಲಹಂಕದ ಕಡೆ ಫ್ಲ್ಯಾಟ್ ನೋಡೋಕೆ ಹೋಗಿದ್ದೆ. ಏಜೆಂಟ್ ದಪ್ಪ ಫೈಲೊಂದನ್ನು ಮುಂದಿಟ್ಟು, "ಎ ಖಾತಾ, ಪ್ಲಾನ್ ಸ್ಯಾಂಕ್ಷನ್, ಎನ್ವಿರಾನ್‌ಮೆಂಟ್ ಕ್ಲಿಯರೆನ್ಸ್, ಎಲ್ಲಾ ಇದೆ ಸರ್" ಅಂದ. ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದೆ. "ಕಾವೇರಿ ಸರ್, ಐದನೇ ಹಂತ." ಅವನ ತಪ್ಪಲ್ಲ ಬಿಡಿ. ಆ ಫೈಲಿಗೂ ಮಳೆನೀರಿನ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ.

ನಾನಿರೋದು ಮತ್ತಿಕೆರೆಯಲ್ಲಿ. ಇಲ್ಲಿ ಬಿದ್ದ ಮಳೆ ಇಲ್ಲೇ ಉಳಿಯಲ್ಲ. ಮತ್ತಿಕೆರೆ, ಯಶವಂತಪುರದ ನೀರು ಹೆಬ್ಬಾಳ ಕೆರೆಗೆ, ಅಲ್ಲಿಂದ ನಾಗವಾರ ಕೆರೆಯ ಕಡೆಗೆ ಇಳಿಯುತ್ತೆ. ನಾಗವಾರ ಕೆರೆಯ ಪಕ್ಕದಲ್ಲೇ ಮಾನ್ಯತಾ ಟೆಕ್ ಪಾರ್ಕ್. 2024ರ ಅಕ್ಟೋಬರಿನಲ್ಲಿ ಅಲ್ಲಿ ನೀರು ನಿಂತಾಗ ವಿಡಿಯೋ ಫಾರ್ವರ್ಡ್ ಮಾಡಿ ನಕ್ಕವರಲ್ಲಿ ನಾನೂ ಒಬ್ಬ. ನಮ್ಮ ಟೆರೇಸಿನ ಪೈಪಿಗೂ ಅದಕ್ಕೂ ಸಂಬಂಧ ಇದೆ ಅಂತ ಆಗ ಹೊಳೆದಿರಲಿಲ್ಲ.

ಕಟ್ಟಡಗಳಿಗೆ ಅನುಮತಿ ಕೊಡೋ ಪದ್ಧತಿಗಂತೂ ಇನ್ನೂ ಹೊಳೆದಿಲ್ಲ. ಕೇಂದ್ರದ 2006ರ ಅಧಿಸೂಚನೆ ಪ್ರಕಾರ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಮಾತ್ರ ಪರಿಸರ ಅನುಮತಿ ಬೇಕು. ಅಷ್ಟು ದೊಡ್ಡದಾದರೂ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ. ಅಂದರೆ ಈ ನೀರು ಯಾರ ಬಾಗಿಲಿಗೆ ಹೋಗುತ್ತೋ ಅವರನ್ನು ಒಂದು ಮಾತೂ ಕೇಳಬೇಕಾಗಿಲ್ಲ.

ಮತ್ತಿಕೆರೆಯ 30×40 ಸೈಟುಗಳಂತೂ ಆ ಲೆಕ್ಕಕ್ಕೇ ಬರಲ್ಲ. 2024ರಲ್ಲಿ ಬಿಬಿಎಂಪಿ ತಂದ 'ನಂಬಿಕೆ ನಕ್ಷೆ'ಯಲ್ಲಿ ಸಣ್ಣ ಸೈಟಿನ ನಕ್ಷೆ ಅಪ್‌ಲೋಡ್ ಮಾಡಿದರೆ ತಾತ್ಕಾಲಿಕ ಮಂಜೂರಾತಿ ಸಿಗುತ್ತೆ. ಕಚೇರಿಗೆ ಅಲೆಯೋದು ತಪ್ಪಿದರೆ ಒಳ್ಳೇದೇ. ಆದರೆ ಒಂದು ಮನೆ ಅಂಗಳಕ್ಕೆ ಹಾಕಿದ ಕಾಂಕ್ರೀಟಿನಿಂದ ಏನೂ ಆಗಲ್ಲ, ಬೀದಿಗೆ ಬೀದಿಯೇ ಹಾಕಿದಾಗ ನೀರು ಇಂಗೋಕೆ ಜಾಗ ಇರಲ್ಲ. ಸೈಟು ಸೈಟಾಗಿ ನೋಡೋ ಪರಿಶೀಲನೆ ಅದನ್ನು ಕೂಡಿಸಿ ನೋಡಲ್ಲ.

ಬಫರ್ ಇದೆಯಲ್ಲ ಅಂತೀರಿ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಿ ಅಂತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಗರದ ಮಹಾಯೋಜನೆಯನ್ನು ತಿದ್ದೋ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅನ್ನೋದು ಕಾರಣ. ಕಾನೂನಿನ ಮಾತಾಗಿ ಸರಿಯೇ. ಹಾಗಾದರೆ ತಿದ್ದಬೇಕಾದವರು ತಿದ್ದಬೇಕಿತ್ತಲ್ಲ? 2017ರಲ್ಲಿ ಬಂದ 2031ರ ಮಹಾಯೋಜನೆಯ ಕರಡು ಜಾರಿಗೇ ಬರಲಿಲ್ಲ. ಕೋರ್ಟು ನಮ್ಮನ್ನು ವಾಪಸ್ ಕಳಿಸಿದ್ದು ಹೆಸರಲ್ಲೇ 2015 ಅಂತ ಇರೋ, ಅವಧಿ ಮುಗಿದ ಯೋಜನೆಯ 30 ಮೀಟರಿಗೆ.

ರಾಜಕಾಲುವೆಯ ಬಫರ್ ಇನ್ನೂ ತಮಾಷೆ. ಅದನ್ನು ಅಳೆಯೋದು ಕಾಲುವೆಯ ನಡುಗೆರೆಯಿಂದ. ಕೋರಮಂಗಲ ಕಣಿವೆಯಲ್ಲಿ ಒಂದು ಕಾಲದಲ್ಲಿ 113 ಕಿ.ಮೀ. ಇದ್ದ ಕಾಲುವೆಗಳು ಸುಮಾರು 63 ಕಿ.ಮೀ.ಗೆ ಇಳಿದಿವೆ ಅಂತ ಸಿಎಜಿ 2021ರ ವರದಿಯಲ್ಲಿ ಬರೆದಿದೆ. ಕಾಲುವೆಯೇ ಮಾಯವಾದ ಕಡೆ ಟೇಪ್ ಎಲ್ಲಿಂದ ಹಿಡಿಯೋದು? ಒತ್ತುವರಿ ಪೂರ್ತಿಯಾದಷ್ಟೂ ಜಾಗ 'ಕ್ಲಿಯರ್' ಆಗುತ್ತಾ ಹೋಗುತ್ತೆ.

ನಾನು ನೋಡಿದ ಫ್ಲ್ಯಾಟಿನಿಂದ ಕೇಂದ್ರೀಯ ವಿಹಾರ್ ದೂರವೇನಲ್ಲ. ಯಲಹಂಕ ಕೆರೆ ತುಂಬಿ ಹರಿದು 2021ರಲ್ಲೂ 2024ರಲ್ಲೂ ಅಲ್ಲಿನ ಜನರನ್ನು ಹೊರಗೆ ಸಾಗಿಸಬೇಕಾಯಿತು. ಅಂಥ ಕಡೆ ಅನುಮತಿ ಕೊಡೋ ಫೈಲಿಗೆ ಇನ್ನೆರಡು ಹಾಳೆ ಸೇರಿಸಿ ಅಂತಷ್ಟೇ ನನ್ನ ಬೇಡಿಕೆ. ಮೇಲಿನಿಂದ ಎಷ್ಟು ನೀರು ಬರುತ್ತೆ ಅನ್ನೋದು ಒಂದರಲ್ಲಿ, ಇಲ್ಲಿಂದ ಯಾರ ಕಡೆ ಹೋಗುತ್ತೆ ಅನ್ನೋದು ಇನ್ನೊಂದರಲ್ಲಿ. ಆ ಕೆಳಗಿನವರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಲಿ.

ಏಜೆಂಟ್ ದಿನಾ ಫೋನ್ ಮಾಡ್ತಾನೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.