ಎರಡು ಕ್ರೆಡಿಟ್ಟಿನ ನೀತಿ

ದಲಿತ ವಿಮರ್ಶೆ ಅಂದಕೂಡಲೆ ಕತೆ, ಕವಿತೆ, ಆತ್ಮಕತೆಗಳನ್ನಷ್ಟೇ ಎದುರಿಗಿಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ. ಪಠ್ಯಕ್ರಮವನ್ನೂ ಒಂದು ಕೃತಿಯೆಂದೇ ಓದಬೇಕು. ಯುಜಿಸಿ 2019ರಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯ ಮಾಡಿದ 'ಸಂಶೋಧನೆ ಮತ್ತು ಪ್ರಕಟಣಾ ನೀತಿ' ಅಂಥದೊಂದು ಕೃತಿ. ಎರಡು ಕ್ರೆಡಿಟ್, ಆರು ಘಟಕ, 30 ಗಂಟೆ. ಇದರಲ್ಲಿ ತತ್ವಶಾಸ್ತ್ರ ಮತ್ತು ನೀತಿಗೆ 3 ಗಂಟೆ. ಡೇಟಾಬೇಸು, ಎಚ್-ಇಂಡೆಕ್ಸು, ಇಂಪ್ಯಾಕ್ಟ್ ಫ್ಯಾಕ್ಟರುಗಳ ಲೆಕ್ಕಕ್ಕೆ 7 ಗಂಟೆ. ಸುಳ್ಳು ದತ್ತಾಂಶ ಸೃಷ್ಟಿಸಬೇಡ, ಕದಿಯಬೇಡ, ನಕಲಿ ಜರ್ನಲ್ಲಿಗೆ ಬರೆಯಬೇಡ ಎಂಬುದೆಲ್ಲ ಇದೆ. ಬೇಕಾದದ್ದೇ ಬಿಡಿ. ಆದರೆ ಯಾರ ಮನೆಯ ಜಗುಲಿ ಮೇಲೆ ಕೂತು ದತ್ತಾಂಶ ತಂದೆವೋ ಅವರಿಗೆ ಈ ಘಟಕಗಳ ಒಂದು ತಲೆಬರಹದಲ್ಲೂ ಜಾಗವಿಲ್ಲ.

ಈ ನೀತಿಗೆ ಕಳ್ಳತನವೆಂದರೆ ಅಚ್ಚಾದದ್ದರ ಕಳ್ಳತನ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಈಗ ನೀಲಗಾರರೊಬ್ಬರು ರಾತ್ರಿಯಿಡೀ ಹಾಡಿದ ಮಂಟೇಸ್ವಾಮಿ ಕಾವ್ಯವನ್ನು ಧ್ವನಿಮುದ್ರಿಸಿಕೊಂಡು, ಅದರ ಅರ್ಥವನ್ನೂ ಅವರ ಬಾಯಿಂದಲೇ ಕೇಳಿ, ಆ ಅರ್ಥವನ್ನು ತನ್ನ 'ಒಳನೋಟ' ಎಂದು ಬರೆದುಕೊಂಡ ಅಧ್ಯಾಯವನ್ನು ತಂತ್ರಾಂಶಕ್ಕೆ ಹಾಕಿ ನೋಡಿ. ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಪ್ರೊಫೆಸರರ ಮುನ್ನುಡಿಯಿಂದ ಪುಟಗಟ್ಟಲೆ ಎತ್ತಿದರೆ ಸಿಕ್ಕಿಬೀಳುವವನು ಇಲ್ಲಿ ಡಾಕ್ಟರಾಗುತ್ತಾನೆ. ಹಾಡಿದವರು ಅನುಬಂಧದಲ್ಲಿ 'ವಕ್ತೃ': ಹೆಸರು, ವಯಸ್ಸು, ಜಾತಿ, ಅನಕ್ಷರಸ್ಥ. ಒಂದು ಮಹಾಕಾವ್ಯವನ್ನೇ ನೆನಪಿನಲ್ಲಿಟ್ಟವರನ್ನು ಹೀಗೆ ಒಂದೇ ಪದದಲ್ಲಿ ಮುಗಿಸೋ ಆ ಕಾಲಂ ಇದೆಯಲ್ಲ, ನಮ್ಮ ವಿಭಾಗಗಳ ಮನಸ್ಸು ಅಲ್ಲಿದೆ.

ಹಾಗಾದರೆ ಒಪ್ಪಿಗೆ ಪತ್ರ ತಂದುಬಿಟ್ಟರೆ ಸಾಕೆ? ಆ ಪತ್ರದ ಹಿಂದೆ ಹೆಣಗಳಿವೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ವೈದ್ಯರು ಸಿಫಿಲಿಸ್ ತಗುಲಿದ ಸುಮಾರು 400 ಬಡ ಕಪ್ಪು ಗಂಡಸರಿಗೆ ರೋಗದ ಹೆಸರನ್ನೂ ಹೇಳದೆ, ಪೆನಿಸಿಲಿನ್ ಬಂದಮೇಲೂ ಕೊಡದೆ, ಸುಮ್ಮನೆ ಗಮನಿಸುತ್ತ ಕೂತರು. ಅದು ಬಯಲಾದ ಮೇಲೆ ಬಂದದ್ದು 1979ರ ಬೆಲ್ಮಾಂಟ್ ವರದಿ. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಬರೀ ಫಾರಂ. ಓದುಬರಹ ಬಾರದವರಿಂದ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬಹುದೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಆಸ್ಪತ್ರೆಗೆ ಸರಿಯಿರಬಹುದು. ಕೇರಿಯಲ್ಲಿ ಹೆಬ್ಬೆಟ್ಟಿಗೆ ಬೇರೆಯದೇ ಚರಿತ್ರೆಯಿದೆ. ಸಾಲಕ್ಕೆ, ಜೀತಕ್ಕೆ, ಮಂಜೂರಾದ ಜಮೀನು ಕೈಬಿಟ್ಟು ಹೋಗುವುದಕ್ಕೆ ಒತ್ತಿದ್ದು ಅದೇ ಬೆರಳು. ಆ ಜಮೀನು ವಾಪಸು ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆಯೇ ಬರಬೇಕಾಯ್ತು. ಅಂಥ ಮನೆಯ ಅಜ್ಜಿ ಮುಂದೆ ಇಂಕ್ ಪ್ಯಾಡ್ ಇಟ್ಟರೆ 'ಏನ್ ಬರ್ಕಂಡಿದ್ದೀಯಪ್ಪ ಇದ್ರಲ್ಲಿ?' ಅಂತ ಕೇಳದೆ ಇರುತ್ತಾಳೆಯೆ? ಅದಕ್ಕೆ ಆಕೆಯ ಮಾತಿನಲ್ಲೇ ಉತ್ತರ ಹೇಳುವುದನ್ನು 30 ಗಂಟೆಗಳಲ್ಲಿ ಒಂದು ಗಂಟೆಯಾದರೂ ಕಲಿಸಬೇಡವೆ?

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದರು. ಅದನ್ನು 'ರಾಂಪುರ' ಎಂದು ಹೆಸರು ಮರೆಸಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' (1976) ಪುಸ್ತಕದಲ್ಲಿ, ತಮ್ಮದು ಮೇಲ್ಜಾತಿಯ ನೋಟವೆಂದು ತಾವೇ ಒಪ್ಪಿಕೊಳ್ಳುತ್ತಾರೆ. ಸಣ್ಣ ಮಾತಲ್ಲ ಅದು. ನಮ್ಮ ಕ್ಷೇತ್ರಕಾರ್ಯದ ತರಗತಿಗಳಲ್ಲಿ ಅದು ಪಾಠವಾಗಲಿಲ್ಲ. ತನ್ನದೇ ಕೇರಿಯ ಮೇಲೆ ಕೆಲಸ ಮಾಡುವ ದಲಿತ ವಿದ್ಯಾರ್ಥಿಗೆ ಮಾತ್ರ 'ವಸ್ತುನಿಷ್ಠತೆ ಎಲ್ಲಪ್ಪಾ?' ಎಂಬ ಪ್ರಶ್ನೆ. ಅಗ್ರಹಾರದವರು ಅಗ್ರಹಾರದ ಬಗ್ಗೆ ಬರೆದಾಗ ಇದನ್ನು ಯಾರಾದರೂ ಕೇಳಿದ್ದು ನಾನು ಕಂಡಿಲ್ಲ. ಸಿದ್ಧಾಂತ ಮೇಲಿನವರಿಗೆ, ಮಾಹಿತಿ ಕೆಳಗಿನವರಿಗೆ ಎಂಬ ಈ ಹಂಚಿಕೆಯನ್ನು ಗೋಪಾಲ್ ಗುರು 2002ರಲ್ಲೇ ಬಯಲಿಗೆಳೆದಿದ್ದರು.

ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ತಮ್ಮ ಬಳಿ ಬರುವ ಸಂಶೋಧಕರಿಗೆ ತಾವೇ ನೀತಿಸಂಹಿತೆ ಬರೆದರು. ಸಂಘಟನೆಯ ಗೆಳೆಯರು, ಹಾಸ್ಟೆಲಿನ ಸಂಶೋಧನಾ ವಿದ್ಯಾರ್ಥಿಗಳು ಕೇರಿಯ ಹಿರಿಯರೊಡನೆ ಕೂತು ನಮ್ಮದನ್ನೂ ಬರೆಯಬಹುದು. ಧ್ವನಿಮುದ್ರಣದ ಒಂದು ಪ್ರತಿ ಹಾಡಿದವರ ಮನೆಯಲ್ಲಿರಲಿ. ಅರ್ಥ ಹೇಳಿದವರು ಅವರಾದರೆ ಹೆಸರು ಅಡಿಟಿಪ್ಪಣಿಗೆ ಬರಲಿ. ಹೆಸರು ಬೇಡ ಅಂದರೆ ಬೇಡ. ಮಹಾಪ್ರಬಂಧ ಒಪ್ಪಿಸುವ ಮೊದಲು ಆ ಅಧ್ಯಾಯವನ್ನು ಕೇರಿಯಲ್ಲಿ ಕೂತು ಗಟ್ಟಿಯಾಗಿ ಓದಲಿ, ತಿದ್ದುಪಡಿ ಬಂದರೆ ಬರೆದುಕೊಳ್ಳಲಿ.